ದಿನನಿತ್ಯದ ಫೋಟೊಗೆ ಪುಟ್ಟ ಆಟೋಫೋಕಸ್ ರೀಲ್ ಕ್ಯಾಮೆರಾ: ಬಳಸಿದವರು ಅನುಭವ ಹೇಳಿ

ಪ್ರಶ್ನೆ

ಅಪ್ಪ ಬಳಸುತ್ತಿದ್ದ ಪುಟ್ಟ ರೀಲ್ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ. ಮುಂದಿನ ಮುಚ್ಚಳ ಸರಿಸಿದರೆ ಆನ್ ಆಗುತ್ತದೆ. ಫೋಕಸ್, ಬೆಳಕು, ರೀಲು ಸುತ್ತುವುದು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಜೂಮ್ ಇಲ್ಲ, 35 ಮಿ.ಮೀ. ಲೆನ್ಸು. ಮನೆಯವರು, ದಿನಾ ನಡೆಯುವ ದಾರಿ, ಕಿಟಕಿಯಿಂದ ಬೀಳುವ ಬಿಸಿಲು, ಮೇಜಿನ ಮೇಲೆ ಹರಡಿಕೊಂಡ ಸಾಮಾನು, ಇಂಥವನ್ನೇ ತೆಗೆಯಬೇಕು ಅನ್ನುವುದು ನನ್ನ ಆಸೆ.

ಇಲ್ಲಿಯವರೆಗೆ ಎರಡು ರೀಲು ಮುಗಿಸಿದ್ದೇನೆ. ಎರಡನೆಯದರಲ್ಲಿ 36ಕ್ಕೆ 11 ಮಾತ್ರ ಚೆನ್ನಾಗಿ ಬಂದಿವೆ. ಇಬ್ಬರು ಅಕ್ಕಂದಿರು ಪಕ್ಕಪಕ್ಕ ನಿಂತ ಫೋಟೊದಲ್ಲಿ ಹಿಂದಿನ ಗೋಡೆಯ ಬಿರುಕುಗಳನ್ನು ಎಣಿಸಬಹುದು, ಅವರ ಮುಖ ಮಾತ್ರ ಮಸುಕು. ಸಂಜೆ ಮನೆಯೊಳಗೆ ತೆಗೆದವು ಅಲುಗಾಡಿವೆ. ಕೆಲವದರಲ್ಲಿ ಬೇಡದ ಕಡೆ ಫ್ಲ್ಯಾಶ್ ಬಿದ್ದು ಮುಖಕ್ಕೆ ಸುಣ್ಣ ಬಳಿದಂತಾಗಿದೆ. ಕ್ಯಾಮೆರಾ ಕೆಟ್ಟಿದೆಯೋ, ನನಗೆ ಬಳಸಲು ಬರುತ್ತಿಲ್ಲವೋ ಗೊತ್ತಾಗುತ್ತಿಲ್ಲ. ಯಾವ ರೀಲು ಹಾಕುತ್ತೀರಿ, ಫ್ಲ್ಯಾಶಿಗೆ ಏನು ಮಾಡುತ್ತೀರಿ, ಹಳೆಯ ಕ್ಯಾಮೆರಾದಲ್ಲಿ ಏನೇನು ನೋಡಿಕೊಳ್ಳಬೇಕು? ಇದನ್ನು ಬಿಟ್ಟು ಬೇರೆ ಕ್ಯಾಮೆರಾ ಕೊಳ್ಳುವ ಮನಸ್ಸಿಲ್ಲ. ಅಪ್ಪನ ಕೈ ಸವೆಸಿದ ಜಾಗ ಅದರ ಮೇಲೆ ಹಾಗೇ ಇದೆ.

ಉತ್ತರ 1

ಕ್ಯಾಮೆರಾ ಕೆಟ್ಟಿಲ್ಲ ಅಂತ ನಿಮ್ಮ ಅಕ್ಕಂದಿರ ಫೋಟೊವೇ ಹೇಳುತ್ತಿದೆ. ಗೋಡೆಯ ಬಿರುಕು ಅಷ್ಟು ಚೂಪಾಗಿ ಬಂದಿದೆ ಅಂದಮೇಲೆ ಲೆನ್ಸು ಚೆನ್ನಾಗಿದೆ, ಫೋಕಸ್ಸೂ ಕೆಲಸ ಮಾಡಿದೆ. ನೋಡಬೇಕಾದ್ದನ್ನು ಬಿಟ್ಟು ಬೇರೆಯದನ್ನು ನೋಡಿದೆ, ಅಷ್ಟೇ. ಅದಕ್ಕೆ ತೋರಿಸಬೇಕಾದವರು ನೀವು.

ಕ್ಯಾಮೆರಾದ ಮುಂದೆ, ಲೆನ್ಸಿನ ಮೇಲ್ಗಡೆ ಪುಟ್ಟ ಗಾಜಿನ ಕಿಂಡಿಗಳಿರುತ್ತವೆ ನೋಡಿ. ಒಂದರಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೊರಡುತ್ತದೆ. ಎದುರಿನ ವಸ್ತುವಿಗೆ ತಾಗಿ ಮರಳಿದ್ದನ್ನು ಇನ್ನೊಂದು ಕಿಂಡಿ ಹಿಡಿದು, ಯಾವ ಕೋನದಲ್ಲಿ ಬಂತು ಎನ್ನುವುದರ ಮೇಲೆ ದೂರ ಲೆಕ್ಕ ಹಾಕುತ್ತದೆ. ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಜನರ ಕೈಗೆ ಬಂದ ಮೊದಲ ಆಟೋಫೋಕಸ್ ಕ್ಯಾಮೆರಾ 1977ರ ಕೋನಿಕಾ ಸಿ35 ಎಎಫ್. ಅದು ಬೆಳಕು ಬಿಡುತ್ತಿರಲಿಲ್ಲ, ಎರಡು ಕಿಂಡಿಗಳಲ್ಲಿ ಕಂಡ ಎರಡು ನೋಟಗಳನ್ನು ಹೋಲಿಸುತ್ತಿತ್ತು. ಹಾಗಾಗಿ ಮಬ್ಬಿನಲ್ಲಿ ತಡವರಿಸುತ್ತಿತ್ತು. 1979ರ ಕ್ಯಾನನ್ ಎಎಫ್35ಎಂ ಇನ್‌ಫ್ರಾರೆಡ್ ಹಿಡಿಯಿತು, ಆಮೇಲೆ ಬಂದ ಪುಟ್ಟ ಕ್ಯಾಮೆರಾಗಳಲ್ಲಿ ಬಹಳಷ್ಟು ಅದೇ ದಾರಿಯಲ್ಲಿ ನಡೆದವು. ಕತ್ತಲಲ್ಲೂ ಇದು ದೂರ ಅಳೆಯುತ್ತದೆ. ಆದರೆ ಕಣ್ಣಿಟ್ಟು ನೋಡುವ ಕಿಂಡಿಯ, ಅಂದರೆ ವ್ಯೂಫೈಂಡರ್‌ನ ನಡುವೆ ಕಾಣುವ ಆ ಸಣ್ಣ ಗುರುತಿನೊಳಗೆ ಏನಿದೆಯೋ ಅದನ್ನಷ್ಟೇ. ನಿಮ್ಮ ಅಕ್ಕಂದಿರ ನಡುವೆ ಒಂದು ಗೇಣು ಸಂದಿ ಇದ್ದಿರಬೇಕು. ಬೆಳಕು ಆ ಸಂದಿಯಲ್ಲಿ ತೂರಿ ಗೋಡೆಗೆ ಹೋಗಿ ಬಂದಿದೆ.

ಇದಕ್ಕೆ ಮದ್ದು ಶಟರ್ ಗುಂಡಿಯಲ್ಲೇ ಇದೆ. ಆ ಗುಂಡಿಯೊಳಗೆ ಒಂದು ಸಣ್ಣ ಮೆಟ್ಟಿಲಿದೆ. ನಿಧಾನಕ್ಕೆ ಒತ್ತುತ್ತಾ ಹೋದರೆ ಒಂದು ಕಡೆ ಬೆರಳಿಗೆ ಇಷ್ಟೇ ಇಷ್ಟು ತಡೆ ಸಿಗುತ್ತದೆ. ಅಲ್ಲೇ ನಿಲ್ಲಿಸಿ. ವ್ಯೂಫೈಂಡರ್ ಪಕ್ಕದ ಹಸಿರು ದೀಪ ಹತ್ತಿದರೆ ದೂರ ಅಳೆದು ಬೀಗ ಹಾಕಿಕೊಂಡಿತು ಅಂತ ಅರ್ಥ. ಬೆರಳು ಸಡಿಲಿಸದೆ ಚೌಕಟ್ಟನ್ನು ನಿಮಗೆ ಬೇಕಾದ ಹಾಗೆ ಸರಿಸಿಕೊಂಡು ಪೂರ್ತಿ ಒತ್ತಿ. ಮೊದಮೊದಲು ಈ ಮೆಟ್ಟಿಲು ಸಿಗುವುದೇ ಇಲ್ಲ, ನೇರ ಕೆಳಗಿಳಿದು ಫೋಟೊ ಆಗಿಬಿಡುತ್ತದೆ. ರೀಲು ಹಾಕುವ ಮುಂಚೆ ಖಾಲಿ ಕ್ಯಾಮೆರಾದಲ್ಲೇ ಒಂದು ಸಂಜೆ ಕೂತು ನಲವತ್ತು ಐವತ್ತು ಸಲ ಒತ್ತಿ ಬಿಟ್ಟು ಮಾಡಿ. ಬೆರಳಿಗೆ ಗೊತ್ತಾಗಬೇಕು, ತಲೆಗೆ ಗೊತ್ತಾದರೆ ಸಾಲದು.

ನನಗೆ ಇದು ತಿಳಿದದ್ದು ಅಜ್ಜಿಯ ಫೋಟೊದಿಂದ. ಅವರು ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಒಂದು ಕಣ್ಣು ಮುಚ್ಚಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು, ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದರು. ಅವರನ್ನು ಎಡಕ್ಕೆ ಇಟ್ಟು, ಬಲಕ್ಕೆ ಕಿಟಕಿ ಬರುವ ಹಾಗೆ ನೋಡಿಕೊಂಡು ಒತ್ತಿದೆ. ನಡುವಿನ ಗುರುತು ಕಿಟಕಿಯಾಚೆಯ ಮರದ ಮೇಲಿತ್ತು. ಪ್ರಿಂಟ್ ಬಂದಾಗ ಮರದ ಎಲೆ ಎಲೆಯೂ ಸ್ಪಷ್ಟ, ಅಜ್ಜಿ ಒಂದು ಬಿಳಿ ನೆರಳು. ಇನ್ನೊಂದು ದಿನ ಅದೇ ಜಾಗದಲ್ಲಿ, ಗುರುತನ್ನು ಅವರ ಮುಂಗೈ ಮೇಲಿಟ್ಟು ಅರ್ಧ ಒತ್ತಿ, ಆಮೇಲೆ ಕಿಟಕಿಯ ಕಡೆ ತಿರುಗಿಸಿ ತೆಗೆದೆ. ಬೆರಳ ತುದಿಯ ಸುಕ್ಕು, ಸೂಜಿಯ ಕಣ್ಣಿನ ಹತ್ತಿರ ನಡುಗುವ ದಾರ, ಎಲ್ಲ ಬಂದಿದೆ. ಮುಂಗೈ ಯಾಕೆ ಅಂದರೆ ಅದೂ ಮುಖವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿದ್ದವು. ಮುಖಕ್ಕೇ ಗುರುತು ಇಡಬೇಕೆಂದಿಲ್ಲ, ಅಷ್ಟೇ ದೂರದ ಯಾವುದಾದರೂ ನಡೆಯುತ್ತದೆ.

ಬೀಗ ಹಾಕಿದ ಮೇಲೆ ನೀವೋ ಅವರೋ ಹಿಂದೆ ಮುಂದೆ ಸರಿದರೆ ಬೆರಳು ತೆಗೆದು ಮತ್ತೆ ಅರ್ಧ ಒತ್ತಬೇಕು. ದೀಪ ಮಿಟುಕಿದರೆ ಸಾಮಾನ್ಯವಾಗಿ ತೀರಾ ಹತ್ತಿರ ಬಂದಿದ್ದೀರಿ ಅಂತ. ಹೊಳೆಯುವ ಕಪ್ಪು ವಸ್ತುಗಳು ಆ ಬೆಳಕನ್ನು ನುಂಗಿಬಿಡುತ್ತವೆ ಇಲ್ಲವೇ ಬೇರೆ ಕಡೆ ಚಿಮ್ಮಿಸುತ್ತವೆ, ಏನೂ ಮರಳಿ ಬಾರದಿದ್ದರೆ ಎದುರಿಗಿರುವುದು ಬಹಳ ದೂರದಲ್ಲಿದೆ ಅಂದುಕೊಳ್ಳುತ್ತದೆ ಕ್ಯಾಮೆರಾ. ಜಾಲರಿಯ ಮೂಲಕ ತೆಗೆದರೆ ಜಾಲರಿಗೇ ಫೋಕಸ್ ಆಗುತ್ತದೆ. ಬಸ್ಸಿನ, ರೈಲಿನ ಕಿಟಕಿ ಗಾಜಿಗೆ ಬೆಳಕು ತಾಗಿ ಮರಳಿದರೂ ಹಾಗೇ ಆಗಬಹುದು. ಅಲ್ಲಿ ಬೆಟ್ಟದ ಚಿತ್ರವಿರುವ ಗುಂಡಿ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನು ಒತ್ತಿ, ಫೋಕಸ್ ದೂರಕ್ಕೆ ನಿಂತುಬಿಡುತ್ತದೆ. ಇನ್ನೊಂದು ವಿಷಯ: ಇಂಥ ಹಲವು ಕ್ಯಾಮೆರಾಗಳಲ್ಲಿ ಅರ್ಧ ಒತ್ತಿದಾಗ ಲೆನ್ಸು ಅಲ್ಲಾಡುವುದಿಲ್ಲ, ಪೂರ್ತಿ ಒತ್ತಿದಾಗಲೇ ಜಾಗಕ್ಕೆ ಹೋಗುತ್ತದೆ. ಅರ್ಧ ಒತ್ತಿದಾಗ ಸದ್ದು ಬರಲಿಲ್ಲ ಎಂದು ಹೆದರಬೇಡಿ.

ಉತ್ತರ 2

ಮೇಲಿನವರು ಫೋಕಸ್ ಪೂರ್ತಿ ಬಿಡಿಸಿ ಹೇಳಿದ್ದಾರೆ. ನಾನು ರೀಲಿನ ಬಗ್ಗೆ ಹೇಳುತ್ತೇನೆ.

ಐಎಸ್‌ಒ (ರೀಲು ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 400 ಇರುವ ರೀಲು ಹಾಕಿ. ಒಳಗೂ ಹೊರಗೂ ಒಂದೇ ರೀಲು ನಡೆಯಬೇಕಾದರೆ ಇದಕ್ಕಿಂತ ನೆಮ್ಮದಿಯದು ಇಲ್ಲ. ಸಂಜೆ ಫೋಟೊ ಅಲುಗಾಡಿದ್ದಕ್ಕೆ ಅರ್ಧ ಕಾರಣ ಬಹುಶಃ ನಿಮ್ಮ ರೀಲೇ. ಮನೆಯೊಳಗಿನ ಅದೇ ಬೆಳಕಿನಲ್ಲಿ 100ರ ರೀಲಿಗೆ ಶಟರ್ ಸೆಕೆಂಡಿನ 1/15 ಭಾಗ ತೆರೆದಿರಬೇಕಾದರೆ, 400ಕ್ಕೆ 1/60 ಸಾಕು. 35 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು 1/60ರಲ್ಲಿ ಯಾರು ಬೇಕಾದರೂ ತೆಗೆಯಬಹುದು, 1/15ರಲ್ಲಿ ಉಸಿರು ಬಿಗಿಹಿಡಿಯಬೇಕು. ಬಣ್ಣದ್ದಾದರೆ ಕೊಡಕ್ ಅಲ್ಟ್ರಾಮ್ಯಾಕ್ಸ್ 400 ನನ್ನ ನಿತ್ಯದ್ದು. ಪೋರ್ಟ್ರಾ 400 ಮುಖದ ಬಣ್ಣಕ್ಕೆ ಇನ್ನೂ ಮೃದು, ಆದರೆ ದಿನನಿತ್ಯಕ್ಕೆ ಅದೇ ಬೇಕೆಂದಿಲ್ಲ. ಬಯಲಲ್ಲಿ, ಬಿಸಿಲಲ್ಲೇ ಓಡಾಡುವುದಿದ್ದರೆ ಗೋಲ್ಡ್ 200 ಚೆಂದ.

ಕಪ್ಪು ಬಿಳುಪಿನ ಆಸೆ ಇದ್ದರೆ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಇದೆ. ಅದನ್ನು ತೊಳೆಯುವ ರಾಸಾಯನಿಕವೇ ಬೇರೆ, ಲ್ಯಾಬಿನವರನ್ನು ಮೊದಲೇ ಕೇಳಿಕೊಳ್ಳಿ. ಅದೇ ಕಂಪನಿಯ ಎಕ್ಸ್‌ಪಿ2 ಸೂಪರ್ ಮಾತ್ರ ಕಪ್ಪು ಬಿಳುಪಾದರೂ ಬಣ್ಣದ ರೀಲು ತೊಳೆಯುವ ಸಿ-41ರಲ್ಲೇ ಆಗುತ್ತದೆ.

ನಿಮ್ಮ ಕ್ಯಾಮೆರಾದಲ್ಲಿ ಐಎಸ್‌ಒ ತಿರುಗಿಸುವ ಚಕ್ರ ಇರಲಾರದು. ರೀಲಿನ ಡಬ್ಬಿಯ ಮೈಮೇಲೆ ಬೆಳ್ಳಿ ಮತ್ತು ಕಪ್ಪು ಚೌಕಗಳಿವೆ ನೋಡಿ, ಎರಡು ಸಾಲಿನಲ್ಲಿ ಹನ್ನೆರಡು. ಅದು ಡಿಎಕ್ಸ್ ಕೋಡ್, ಕೊಡಕ್ 1983ರಲ್ಲಿ ತಂದದ್ದು. ಬೆಳ್ಳಿ ಚೌಕದಲ್ಲಿ ವಿದ್ಯುತ್ ಹರಿಯುತ್ತದೆ, ಕಪ್ಪಿನಲ್ಲಿ ಇಲ್ಲ. ಕ್ಯಾಮೆರಾದೊಳಗಿನ ಪುಟ್ಟ ಲೋಹದ ಮೊಳೆಗಳು ಅದನ್ನು ಮುಟ್ಟಿ ಯಾವ ರೀಲೆಂದು ಓದಿಕೊಳ್ಳುತ್ತವೆ. ಕೋಡ್ ಇಲ್ಲದ ಡಬ್ಬಿ ಹಾಕಿದರೆ ಬಹಳಷ್ಟು ಕ್ಯಾಮೆರಾಗಳು 100 ಎಂದು ಹಿಡಿಯುತ್ತವೆ. ಆ ಮೊಳೆಗಳನ್ನು ಒಣ ಬಟ್ಟೆಯಿಂದ ಒಮ್ಮೆ ಒರೆಸಿ, ಧೂಳು ಕೂತರೆ ತಪ್ಪು ಓದುತ್ತವೆ.

ಬಣ್ಣದ ನೆಗೆಟಿವ್‌ಗೆ ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹೆಚ್ಚಾದರೆ ತೊಂದರೆ ಇಲ್ಲ, ತಡೆದುಕೊಳ್ಳುತ್ತದೆ. ಕಡಿಮೆಯಾದರೆ ಮಾತ್ರ ಕ್ಷಮಿಸುವುದಿಲ್ಲ: ನೆರಳೆಲ್ಲ ಕೆಸರಾಗಿ, ಕಪ್ಪು ಅನ್ನುವುದು ಮಾಸಲು ಹಸಿರಾಗಿ ಬರುತ್ತದೆ. ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಸ್ಲೈಡ್ ರೀಲಿಗೆ ಈ ಧಾರಾಳ ಇಲ್ಲ, ಅದನ್ನು ಈ ಕ್ಯಾಮೆರಾಕ್ಕೆ ಹಾಕಬೇಡಿ.

ನೆಗೆಟಿವನ್ನು ವಾಪಸ್ ಕೇಳಿ ಪಡೆಯಿರಿ. ನಾನು ಒಮ್ಮೆ ಕೇಳಲು ಮರೆತೆ, ಸ್ಕ್ಯಾನ್ ಕೊಟ್ಟು ನೆಗೆಟಿವ್ ಎಸೆದುಬಿಟ್ಟರು. ಆ ರೀಲಿನಲ್ಲಿ ಈಗ ಇಲ್ಲದವರ ಮುಖಗಳಿದ್ದವು. ಇವತ್ತಿಗೂ ಮನಸ್ಸು ಚುರ್ ಅನ್ನುತ್ತದೆ. ತಪ್ಪು ಎಲ್ಲಾಯಿತು ಅಂತ ತಿಳಿಯಲೂ ನೆಗೆಟಿವ್ ಬೇಕು. ಕಿಟಕಿಗೆ ಹಿಡಿದು ನೋಡಿ: ಅಂಚಿನ ಅಂಕಿಗಳೂ ಅಕ್ಷರಗಳೂ ಗಾಢವಾಗಿದ್ದು ಚಿತ್ರ ಮಾತ್ರ ತೆಳ್ಳಗಿದ್ದರೆ ಕ್ಯಾಮೆರಾಕ್ಕೆ ಬೆಳಕು ಸಾಲಲಿಲ್ಲ ಅಂತ. ಅಂಕಿಗಳೂ ತೆಳ್ಳಗಿದ್ದರೆ ತೊಳೆದದ್ದು ಸರಿಯಾಗಿಲ್ಲ, ಇಲ್ಲವೇ ರೀಲು ಬಹಳ ಹಳೆಯದು.

ಉತ್ತರ 3

ಜೂಮ್ ಇಲ್ಲದ್ದು ನಿಮ್ಮ ಭಾಗ್ಯ. ನನ್ನದು 38ರಿಂದ 140ರ ಜೂಮ್. ಪೂರ್ತಿ ಚಾಚಿದಾಗ ಲೆನ್ಸಿಗೆ ಬೀಳುವ ಬೆಳಕು ಹೊರಗೂ ಸಾಲುವುದಿಲ್ಲ. ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅಂತ ಹೇಳುವ ಎಫ್ ಅಂಕಿ 4 ಇದ್ದದ್ದು 11ಕ್ಕೆ ಹೋದರೆ ಬೆಳಕು ಎಂಟನೇ ಒಂದು ಪಾಲು. ಈಗ ಜೂಮ್ ಗುಂಡಿಯನ್ನು ಮುಟ್ಟುವುದೇ ಬಿಟ್ಟಿದ್ದೇನೆ, 38ರಲ್ಲೇ ಇಟ್ಟು ನಾನೇ ನಾಲ್ಕು ಹೆಜ್ಜೆ ನಡೆಯುತ್ತೇನೆ. ಜೂಮ್ ಇರುವವರು ಓದುತ್ತಿದ್ದರೆ ಇದೊಂದು ಮಾಡಿ ನೋಡಿ.

ಉತ್ತರ 4

ಫ್ಲ್ಯಾಶಿನ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಕ್ಯಾಮೆರಾದ ಇಷ್ಟಕ್ಕೆ ಬಿಡಬೇಡಿ, ಪ್ರತಿ ಸಲ ನೀವೇ ತೀರ್ಮಾನಿಸಿ.

ಮುಚ್ಚಳ ಸರಿಸುವ ಬಹಳಷ್ಟು ಕ್ಯಾಮೆರಾಗಳು ಆನ್ ಮಾಡಿದಾಗಲೆಲ್ಲ ಫ್ಲ್ಯಾಶನ್ನು ಆಟೋಗೆ ತಂದಿಡುತ್ತವೆ. ನಿನ್ನೆ ಆಫ್ ಮಾಡಿದ್ದು ಇವತ್ತು ನೆನಪಿರುವುದಿಲ್ಲ. 1991ರಲ್ಲಿ ಬಂದ ಒಲಿಂಪಸ್ ಮ್ಯೂ, 1997ರ ಮ್ಯೂ 2 ಬಳಸಿದವರಿಗೆಲ್ಲ ಇದು ಗೊತ್ತು. ಹಾಗಾಗಿ ಮುಚ್ಚಳ ಸರಿಸುವುದು, ಫ್ಲ್ಯಾಶ್ ಗುಂಡಿಯನ್ನು ಬೇಕಾದಷ್ಟು ಸಲ ಒತ್ತುವುದು, ಎರಡೂ ಸೇರಿ ಒಂದೇ ಕೆಲಸ ಅಂದುಕೊಳ್ಳಿ. ನಿಮ್ಮದರಲ್ಲಿ ಎಷ್ಟನೇ ಒತ್ತಿಗೆ ಆಫ್ ಬರುತ್ತದೆ ಎಣಿಸಿಟ್ಟುಕೊಳ್ಳಿ. ಹತ್ತು ದಿನದಲ್ಲಿ ಹೆಬ್ಬೆರಳು ತಾನೇ ಎಣಿಸುತ್ತದೆ.

ಮನೆಯೊಳಗೆ ಹಗಲು ಹೊತ್ತಿನಲ್ಲಿ ಆಫ್. ಜನರನ್ನು ಕಿಟಕಿಯ ಪಕ್ಕಕ್ಕೆ ಬರಮಾಡಿ, ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಬೇಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬಾಗಿಲ ಚೌಕಟ್ಟಿಗೆ ಒರಗಿ, ಉಸಿರು ಬಿಟ್ಟ ಮೇಲೆ ಒತ್ತಿ. ಗುಂಡಿಯನ್ನು ಹಿಂಡಿದ ಹಾಗೆ ಒತ್ತಬೇಕು, ಕುಟ್ಟಬಾರದು. ಮೇಜಿನ ಮೇಲೋ ಪುಸ್ತಕದ ರಾಶಿಯ ಮೇಲೋ ಕ್ಯಾಮೆರಾ ಇಟ್ಟು ಸೆಲ್ಫ್ ಟೈಮರ್ ಹಾಕಿದರೆ 1/8 ಸೆಕೆಂಡಿನಲ್ಲೂ ಮೇಜು ಕುರ್ಚಿ ಅಲುಗಾಡದೆ ಬರುತ್ತವೆ. ಕೂತು ಓದುತ್ತಿರುವವರೂ ಬರುತ್ತಾರೆ, ಓಡುವ ಮಗು ಬರುವುದಿಲ್ಲ.

ಹೊರಗೆ ನಡುಹಗಲ ಬಿಸಿಲಲ್ಲಿ ಇದರ ಉಲ್ಟಾ. ನೆತ್ತಿಯ ಮೇಲೆ ಸೂರ್ಯನಿದ್ದಾಗ ಕಣ್ಣಿನ ಗುಳಿಗಳೆಲ್ಲ ಕಪ್ಪಾಗುತ್ತವೆ. ಆಗ ಫ್ಲ್ಯಾಶನ್ನು ಬಲವಂತವಾಗಿ ಆನ್ ಮಾಡಿ, ಒಂದೂವರೆ ಎರಡು ಮೀಟರಿನಲ್ಲಿ ನಿಂತು ತೆಗೆಯಿರಿ. ಮುಖಕ್ಕೆ ಬೇಕಾದಷ್ಟೇ ಬೆಳಕು ಸೇರುತ್ತದೆ, ಆಕಾಶದ ನೀಲಿಯೂ ಉಳಿಯುತ್ತದೆ. ಟೋಪಿ ಹಾಕಿದವರು, ಮರದ ನೆರಳಲ್ಲಿ ಮುಖದ ಮೇಲೆ ಚುಕ್ಕೆ ಚುಕ್ಕೆ ಬಿಸಿಲು ಬಿದ್ದವರು, ಬೆಳಕಿಗೆ ಬೆನ್ನು ಮಾಡಿ ನಿಂತವರು, ಎಲ್ಲರಿಗೂ ಇದೇ. ನನ್ನ ಅತ್ಯಂತ ಇಷ್ಟದ ಫೋಟೊಗಳು ಬಿಸಿಲಲ್ಲಿ ಫ್ಲ್ಯಾಶ್ ಹಾಕಿ ತೆಗೆದವೇ.

ರಾತ್ರಿ ಫ್ಲ್ಯಾಶ್ ಬೇಕೇ ಬೇಕು ಅನ್ನುವಾಗ ಎರಡು ವಿಷಯ ನೆನಪಿಡಿ. ನಿಮ್ಮ ಮುಖಗಳಿಗೆ ಸುಣ್ಣ ಬಳಿದಂತಾದದ್ದು ಹತ್ತಿರ ಜಾಸ್ತಿಯಾದ್ದಕ್ಕೆ ಇರಬಹುದು, ಒಂದು ಹೆಜ್ಜೆ ಹಿಂದೆ ಹೋಗಿ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ. ಅದಕ್ಕೇ ಉದ್ದಕ್ಕೆ ಕೂತ ಸಾಲನ್ನು ಒಂದು ತುದಿಯಿಂದ ತೆಗೆದರೆ ಮೊದಲಿನವರು ಬೆಳ್ಳಗೆ, ಕೊನೆಯವರು ಕತ್ತಲೆ. ಎಲ್ಲರೂ ನಿಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವ ಹಾಗೆ ನೀವೇ ಜಾಗ ಬದಲಿಸಿ. ಅದೇ ಲೆಕ್ಕದಿಂದಲೇ 400ರ ರೀಲಿನಲ್ಲಿ ಫ್ಲ್ಯಾಶ್ 100ರದ್ದಕ್ಕಿಂತ ಎರಡು ಪಟ್ಟು ದೂರ ತಲುಪುತ್ತದೆ. ಎರಡನೆಯದು, ಕೆಂಪುಕಣ್ಣು ತಡೆಯುವ ಸೌಲಭ್ಯ. ಅದು ಮೊದಲು ಪಟಪಟ ಮಿಂಚಿ, ಒಂದು ಗಳಿಗೆ ಬಿಟ್ಟು ಫೋಟೊ ತೆಗೆಯುತ್ತದೆ. ಆ ಗಳಿಗೆಯಲ್ಲಿ ನಗು ಹೋಗಿ ಕಣ್ಣು ಕಿರಿದಾಗಿರುತ್ತದೆ. ನಾನು ಅದನ್ನು ಬಳಸುವುದಿಲ್ಲ, ಕೋಣೆಯ ದೀಪಗಳನ್ನೆಲ್ಲ ಹಾಕಿಬಿಡುತ್ತೇನೆ. ಬೆಳಕಿಗೆ ಕಣ್ಣಿನ ಪಾಪೆ ಕಿರಿದಾದರೆ ಕೆಂಪು ತಾನೇ ಕಡಿಮೆಯಾಗುತ್ತದೆ.

ಉತ್ತರ 5

ಹಳೆಯ ಕ್ಯಾಮೆರಾದಲ್ಲಿ ನೋಡಿಕೊಳ್ಳಬೇಕಾದ್ದು ಕೇಳಿದ್ದೀರಿ.

ಮೊದಲು ಸೆಲ್. ಇವುಗಳಲ್ಲಿ ಬಹಳಷ್ಟಕ್ಕೆ 3 ವೋಲ್ಟಿನ ಸಿಆರ್‌123ಎ ಲಿಥಿಯಂ ಸೆಲ್, ಕೆಲವಕ್ಕೆ ಸಿಆರ್2, ಇನ್ನು ಕೆಲವಕ್ಕೆ ಪೆನ್ಸಿಲ್ ಸೆಲ್. ಹಳೆಯದು ಸೋರಿ ಒಳಗಿನ ತಗಡಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಹತ್ತಿಕಡ್ಡಿಗೆ ತುಸು ವಿನೆಗರ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಫ್ಲ್ಯಾಶ್ ತಯಾರಾಗಲು ಬಹಳ ಹೊತ್ತು ಹಿಡಿಯುತ್ತಿದೆ ಅನ್ನಿಸಿದರೆ ಸೆಲ್ ಮುಗಿಯುತ್ತಾ ಬಂದಿದೆ. ರೀಲಿನ ನಡುವೆ ಸತ್ತುಹೋದರೆ ಮೋಟರ್ ಅಲ್ಲೇ ನಿಲ್ಲುತ್ತದೆ, ಹಾಗಾಗಿ ಚೀಲದಲ್ಲಿ ಇನ್ನೊಂದು ಇಟ್ಟುಕೊಂಡಿರಿ.

ಹಿಂಬಾಗಿಲು ತೆರೆದು ಅಂಚಿನ ಕಪ್ಪು ಸ್ಪಂಜು ಮುಟ್ಟಿ ನೋಡಿ. ಬೆರಳಿಗೆ ಡಾಂಬರಿನಂತೆ ಅಂಟಿದರೆ, ಪುಡಿಪುಡಿ ಉದುರಿದರೆ ಬದಲಿಸಬೇಕು. ಇಲ್ಲದಿದ್ದರೆ ಫೋಟೊಗಳಲ್ಲಿ ಕಿತ್ತಳೆ ಬಣ್ಣದ ಪಟ್ಟೆ ಬೀಳುತ್ತದೆ. ರೀಲು ಹಾಕುವಾಗ ತುದಿಯನ್ನು ಗುರುತಿನವರೆಗೆ ಮಾತ್ರ ಎಳೆಯಿರಿ, ಸಡಿಲವೂ ಇರಬಾರದು, ಉದ್ದವೂ ಆಗಬಾರದು. ಬಾಗಿಲು ಮುಚ್ಚಿದಾಗ ಮೋಟರ್ ಸದ್ದು ಬಂದು ಅಂಕಿ 1ಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ರೀಲು ಹಿಡಿದಿಲ್ಲ ಅಂತಲೇ ತಿಳಿಯಿರಿ. ನಾನು ಒಮ್ಮೆ ಅಂಕಿ ನೋಡದೆ ಇಡೀ ದಿನ ಓಡಾಡಿ ಬಂದೆ, ರೀಲು ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ.

ಕೆಲವು ಕ್ಯಾಮೆರಾಗಳು ಬಾಗಿಲು ಮುಚ್ಚಿದ ಕೂಡಲೇ ಇಡೀ ರೀಲನ್ನು ಹೊರಗೆ ಸುತ್ತಿಕೊಂಡು, ಫೋಟೊ ತೆಗೆದ ಹಾಗೆ ಒಂದೊಂದನ್ನೇ ಡಬ್ಬಿಗೆ ಎಳೆದುಕೊಳ್ಳುತ್ತವೆ. ಫ್ಯೂಜಿಯ ಹಲವು ಮಾದರಿಗಳು ಹೀಗೆ. ಅದರಲ್ಲಿ ಅಂಕಿ ಇಳಿಯುತ್ತಾ ಹೋಗುತ್ತದೆ. ಅಪ್ಪಿತಪ್ಪಿ ಬಾಗಿಲು ತೆರೆದುಕೊಂಡರೂ ತೆಗೆದ ಫೋಟೊಗಳು ಡಬ್ಬಿಯೊಳಗೆ ಕ್ಷೇಮ. ನಿಮ್ಮದು ಮಾಮೂಲಿನದಾದರೆ ತೆರೆದಾಗ ಸುತ್ತಿಟ್ಟದ್ದು ಹಾಳಾಗಬಹುದು. ನಡುವೆ ರೀಲು ತೆಗೆಯಲೇಬೇಕಾದರೆ ಒಂದು ಚಿಕ್ಕ ಗುಳಿಯೊಳಗೆ ಗುಂಡಿ ಇರುತ್ತದೆ, ಪೆನ್ನಿನ ಮೊಂಡು ತುದಿಯಿಂದ ಒತ್ತಿದರೆ ಸುತ್ತಿಕೊಳ್ಳುತ್ತದೆ.

ಕ್ಯಾಮೆರಾದ ಸ್ಕ್ರೂ ಬಿಚ್ಚಲು ಹೋಗಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಫ್ಲ್ಯಾಶಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿನಷ್ಟು ವಿದ್ಯುತ್ ಇರುತ್ತದೆ, ಸೆಲ್ ತೆಗೆದ ಮೇಲೂ ಬಹಳ ಹೊತ್ತು ಉಳಿದಿರುತ್ತದೆ.

ರೀಲನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರತೆಗೆದು ಒಂದೆರಡು ಗಂಟೆ ಬಿಟ್ಟು ಡಬ್ಬಿ ತೆರೆಯಿರಿ. ವಿಮಾನ ನಿಲ್ದಾಣದಲ್ಲಿ ರೀಲನ್ನು ಕೈಯಲ್ಲಿ ಕೊಟ್ಟು ಪರೀಕ್ಷಿಸಲು ವಿನಂತಿಸಿ. ಹೊಸ ಸಿಟಿ ಸ್ಕ್ಯಾನರ್‌ಗಳು ತೊಳೆಯದ ರೀಲನ್ನು ಒಂದೇ ಸಲಕ್ಕೆ ಮಸುಕು ಮಾಡುತ್ತವೆ.

ಉತ್ತರ 6

ನಾನು ತಾಂತ್ರಿಕ ವಿಷಯ ಹೇಳುವವಳಲ್ಲ. ಇಂಥ ಒಂದು ಕ್ಯಾಮೆರಾ ಒಂಬತ್ತು ವರ್ಷದಿಂದ ನನ್ನ ಜೊತೆಗಿದೆ, ಅದರ ಜೊತೆ ಬದುಕಿದ್ದನ್ನು ಹೇಳುತ್ತೇನೆ.

ಅದಕ್ಕೆ ಚೀಲ ಹೊಲಿಸಬೇಡಿ. ಚೀಲದಿಂದ ತೆಗೆಯುವಷ್ಟರಲ್ಲಿ ನೋಡಿದ್ದು ಹೋಗಿರುತ್ತದೆ. ಸರಿಸುವ ಮುಚ್ಚಳವನ್ನೇ ಸ್ವಿಚ್ಚಾಗಿ ಮಾಡಿದ್ದು ಒಲಿಂಪಸ್‌ನ ಯೊಶಿಹಿಸಾ ಮೈತಾನಿ, 1979ರ ಎಕ್ಸ್‌ಎ ಕ್ಯಾಮೆರಾದಲ್ಲಿ. ಅದು ಕೈಯಿಂದ ಫೋಕಸ್ ಮಾಡುವ ಕ್ಯಾಮೆರಾ, ಆದರೆ ಮುಚ್ಚಳದ ಆ ಉಪಾಯ ಆಮೇಲೆ ಆಟೋಫೋಕಸ್ ಕ್ಯಾಮೆರಾಗಳಿಗೂ ಬಂತು. ಲೆನ್ಸು ಮುಚ್ಚಿರುತ್ತದೆ, ಗುಂಡಿ ಅದುಮಿದರೂ ಏನೂ ಆಗುವುದಿಲ್ಲ, ಹಾಗೇ ಜೇಬಿನಲ್ಲಿ ಇರಲಿ ಅಂತಲೇ ಮಾಡಿದ್ದು. ಮನೆಯಲ್ಲಿರುವಾಗ ಬಾಗಿಲ ಪಕ್ಕ, ಬೀಗದ ಕೈ ಇಡುವ ಜಾಗದಲ್ಲಿ ಇಡಿ. ಬೀರುವಿನಲ್ಲಿಟ್ಟ ಕ್ಯಾಮೆರಾ ಹಬ್ಬಕ್ಕಷ್ಟೇ ಹೊರಬರುತ್ತದೆ.

ಹತ್ತಿರ ಹೋಗಿ. ಎರಡು ಹೆಜ್ಜೆ, ಒಂದೂವರೆ ಎರಡು ಮೀಟರು. 35 ಮಿ.ಮೀ. ಲೆನ್ಸು ಅಗಲವಾಗಿ ನೋಡುತ್ತದೆ, ನಿಮಗೆ ದೊಡ್ಡದಾಗಿ ಕಂಡದ್ದು ಪ್ರಿಂಟಿನಲ್ಲಿ ಹುಣಸೆ ಬೀಜದಷ್ಟಾಗುತ್ತದೆ. ವ್ಯೂಫೈಂಡರ್ ತೋರಿಸುವುದಕ್ಕಿಂತ ತುಸು ಹೆಚ್ಚೇ ರೀಲಿನ ಮೇಲೆ ಬೀಳುತ್ತದೆ, ಅದಕ್ಕೂ ಹತ್ತಿರ ನಿಲ್ಲುವುದೇ ಲೇಸು. ತೀರಾ ಹತ್ತಿರದವಕ್ಕೆ ಮಾತ್ರ ಎಚ್ಚರ: ನೀವು ನೋಡುವ ಕಿಂಡಿ ಮೇಲೆ, ಲೆನ್ಸು ಕೆಳಗೆ. ಹತ್ತಿರದಲ್ಲಿ ಎರಡೂ ಬೇರೆ ಬೇರೆಯದನ್ನು ನೋಡುತ್ತವೆ. ಕಿಂಡಿಯೊಳಗೆ ಮೇಲ್ಗಡೆ ಇನ್ನೊಂದು ಸಣ್ಣ ಗೆರೆ ಇದ್ದರೆ ಅದು ಇದಕ್ಕೇ. ಹತ್ತಿರದ ಫೋಟೊದಲ್ಲಿ ತಲೆ ಆ ಗೆರೆಯ ಕೆಳಗೆ ಇರುವ ಹಾಗೆ ನೋಡಿಕೊಳ್ಳಿ.

ಗುಂಡಿ ಒತ್ತಿದ್ದಕ್ಕೂ ಫೋಟೊ ಆಗುವುದಕ್ಕೂ ಒಂದು ಚೂರು ತಡ ಇರುತ್ತದೆ. ಅರ್ಧ ಒತ್ತಿ ಕಾಯುತ್ತಿದ್ದರೆ ಆ ತಡ ಬಹಳ ಕಡಿಮೆಯಾಗುತ್ತದೆ. ಮಗಳು ಶೂ ದಾರ ಕಟ್ಟುವುದನ್ನು ಕಲಿಯುತ್ತಿದ್ದ ದಿನ ನಾನು ನೆಲದ ಮೇಲೆ ಕೂತು, ಅವಳ ಮೊಣಕಾಲಿಗೆ ಗುರುತು ಇಟ್ಟು ಅರ್ಧ ಒತ್ತಿ ಹಿಡಿದು ಕಾದೆ. ಮೊದಲ ಕುಣಿಕೆ ಜಾರಿತು. ಎರಡನೆಯದೂ ಜಾರಿತು. ಮೂರನೆಯದು ನಿಂತಾಗ ಅವಳು ನಾಲಿಗೆ ಕಚ್ಚಿಕೊಂಡು ತಲೆ ಎತ್ತಿದಳು, ಆಗ ಒತ್ತಿದೆ. ಒಂದೇ ಫೋಟೊ. ಈಗ ಅವಳು ನನ್ನಷ್ಟೆತ್ತರ, ಆ ಫೋಟೊ ಅವಳ ಮೇಜಿನ ಗೋಡೆಯ ಮೇಲಿದೆ, ಅವಳೇ ಅಂಟಿಸಿಕೊಂಡದ್ದು.

ಒಂದು ರೀಲನ್ನು ಆರೆಂಟು ತಿಂಗಳು ಎಳೆಯಬೇಡಿ. ತೆಗೆದು ಬಹಳ ಕಾಲ ತೊಳೆಸದೆ ಇಟ್ಟರೆ ಚಿತ್ರ ನಿಧಾನಕ್ಕೆ ಮಾಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಏನು ತಪ್ಪು ಮಾಡಿದೆ ಅನ್ನುವುದೇ ನಿಮಗೆ ಮರೆತಿರುತ್ತದೆ. ನಾನು ತಿಂಗಳಿಗೊಂದು ಮುಗಿಸುತ್ತೇನೆ. ದಿನಕ್ಕೆ ಒಂದು ಫೋಟೊ, ಕೆಲವು ದಿನ ಎರಡು. ಮೊದಲ ಮೂರ್ನಾಲ್ಕು ರೀಲುಗಳಿಗೆ ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಎಷ್ಟನೇ ಫೋಟೊ, ಒಳಗೋ ಹೊರಗೋ, ಫ್ಲ್ಯಾಶ್ ಇತ್ತೇ, ಗುರುತು ಎಲ್ಲಿಟ್ಟಿರಿ, ಸುಮಾರು ಎಷ್ಟು ದೂರ. ಕ್ಯಾಮೆರಾ ಇದಾವುದನ್ನೂ ಬರೆದುಕೊಳ್ಳುವುದಿಲ್ಲ. ಹಿಂದೆ ತಾರೀಕು ಬೀಳಿಸುವ ಸೌಲಭ್ಯ ಇದ್ದರೆ ಆಫ್ ಮಾಡಿಬಿಡಿ, ಹಳೆಯವುಗಳ ಕ್ಯಾಲೆಂಡರ್ ಎಲ್ಲೋ ಒಂದು ಇಸವಿಗೆ ಮುಗಿದಿರುತ್ತದೆ.

ಕಾಂಟ್ಯಾಕ್ಸ್ ಟಿ2, ರಿಕೋ ಜಿಆರ್1 ಅಂತ ದೊಡ್ಡ ಹೆಸರುಗಳು ನಿಮ್ಮ ಕಿವಿಗೂ ಬೀಳುತ್ತವೆ. 1990ರ ದಶಕದ ಒಳ್ಳೆಯ ಕ್ಯಾಮೆರಾಗಳು, ಅನುಮಾನವಿಲ್ಲ. ಆದರೆ ಅವುಗಳೊಳಗಿನ ಎಲೆಕ್ಟ್ರಾನಿಕ್ಸ್‌ಗೂ ಅಷ್ಟೇ ವಯಸ್ಸಾಗಿದೆ. ನಿಮ್ಮ ಅಪ್ಪನ ಕ್ಯಾಮೆರಾ ಕೆಲಸ ಮಾಡುತ್ತಿದೆ, ಅದು ಸಾಕು.

ಕೇಳಿದವರಿಂದ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ಹೇಳಿದ್ದನ್ನೆಲ್ಲ ಇಟ್ಟುಕೊಂಡು ಮೂರನೇ ರೀಲು ಮುಗಿಸಿದೆ, ಈ ಸಲ 400. ಹಿಂದಿನ ಎರಡೂ 100ರವು, ಡಬ್ಬಿ ನೋಡಿದೆ. ಖಾಲಿ ಕ್ಯಾಮೆರಾದಲ್ಲಿ ಮೂರು ಸಂಜೆ ಅಭ್ಯಾಸ ಮಾಡಿದೆ, ಆ ಮೆಟ್ಟಿಲು ಈಗ ಕಣ್ಣು ಮುಚ್ಚಿದರೂ ಸಿಗುತ್ತದೆ.

36ರಲ್ಲಿ 27 ಚೆನ್ನಾಗಿ ಬಂದಿವೆ. ಅಕ್ಕಂದಿರನ್ನು ಅದೇ ಗೋಡೆಯ ಮುಂದೆ ನಿಲ್ಲಿಸಿ ದೊಡ್ಡಕ್ಕನ ಕೆನ್ನೆಗೆ ಗುರುತು ಇಟ್ಟು ತೆಗೆದೆ. ಚಿಕ್ಕಕ್ಕ ಏನೋ ಹೇಳುತ್ತಿದ್ದಾಳೆ, ದೊಡ್ಡಕ್ಕ ನಗು ತಡೆಯುತ್ತಿದ್ದಾಳೆ, ಗೋಡೆ ಹಿಂದಕ್ಕೆ ಸರಿದಿದೆ. ಪ್ರಿಂಟ್ ಹಾಕಿಸಿ ಇಬ್ಬರಿಗೂ ಒಂದೊಂದು ಕೊಟ್ಟೆ. ಹಾಳಾದ ಒಂಬತ್ತರಲ್ಲಿ ಎರಡಕ್ಕೆ ಬೆರಳು ಅಡ್ಡ ಬಂದಿದೆ, ಎರಡು ಸಂಜೆಯವು ಅಲುಗಾಡಿವೆ. ಉಳಿದ ಐದೂ ಒಂದೇ ಬಗೆ: ಹೂವು, ಅಪ್ಪನ ಕನ್ನಡಕ, ಪುಸ್ತಕದ ಪುಟ, ಹೀಗೆ ಹತ್ತಿರದವು. ಅರ್ಧ ಒತ್ತಿದಾಗ ದೀಪ ಮಿಟುಕಿತ್ತೋ ಇಲ್ಲವೋ, ಗಮನ ಫೋಟೊದ ಮೇಲಿದ್ದರಿಂದ ನೋಡಲಿಲ್ಲ. ಕ್ಯಾಮೆರಾದ ಪುಸ್ತಕದಲ್ಲಿ ಅತಿ ಹತ್ತಿರ 35 ಸೆಂ.ಮೀ. ಅಂತಿದೆ. ಅಷ್ಟು ದೂರವನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಹೇಗೆ?

ಉತ್ತರ 1ರವರಿಂದ ಮತ್ತೆ

ಕನ್ನಡಕದ ಫೋಟೊ ಬರಲಿಲ್ಲ ಅಂತ ಓದಿ ಬೇಜಾರಾಯಿತು. ಅದನ್ನು ಮತ್ತೆ ತೆಗೆಯಬಹುದು.

ಕಣ್ಣಂದಾಜು ಬೇಡ, ದಾರ ಕಟ್ಟಿ. ಕ್ಯಾಮೆರಾದ ಕೈಪಟ್ಟಿ ಸಿಕ್ಕಿಸುವ ಕೊಂಡಿಗೆ ಒಂದು ಗಟ್ಟಿ ದಾರ ಕಟ್ಟಿ, ಸ್ಕೇಲ್ ಹಿಡಿದು 40 ಸೆಂ.ಮೀ.ಗೆ ಒಂದು ಗಂಟು ಹಾಕಿ. 35 ಅಂದರೆ ಕಟ್ಟಕಡೆಯ ಅಂಚು, ಐದು ಸೆಂ.ಮೀ. ಕೈಯಲ್ಲಿರಲಿ. ಎಡಗೈಯಲ್ಲಿ ಗಂಟು ಹಿಡಿದು ಕನ್ನಡಕದ ಪಕ್ಕಕ್ಕೆ ಮುಟ್ಟಿಸಿ, ಕ್ಯಾಮೆರಾವನ್ನು ನಿಧಾನಕ್ಕೆ ಹಿಂದೆ ತನ್ನಿ. ದಾರ ಜೋತುಬಿದ್ದಿದ್ದರೆ ಇನ್ನೂ ಹತ್ತಿರ ಇದ್ದೀರಿ. ಬಿಗಿಯಾದ ಕೂಡಲೇ ನಿಲ್ಲಿಸಿ, ಗಂಟು ಬಿಟ್ಟು ಎಡಗೈ ಚೌಕಟ್ಟಿನಿಂದಾಚೆ ತೆಗೆದುಕೊಳ್ಳಿ. ಗುರುತನ್ನು ಗಾಜಿನ ಮೇಲಿಡಬೇಡಿ, ಬೆಳಕು ಅದರೊಳಗಿಂದ ಹಾದು ಮೇಜಿಗೆ ಹೋಗಿಬಿಡಬಹುದು. ಎರಡು ಗಾಜುಗಳ ನಡುವಿನ, ಮೂಗಿನ ಮೇಲೆ ಕೂರುವ ಆ ಸೇತುವೆಗೂ ಬೇಡ, ಅದು ತೀರಾ ಸಣ್ಣದು. ಕನ್ನಡಕದ ಪಕ್ಕ, ಅಷ್ಟೇ ದೂರದಲ್ಲಿ ಒಂದು ಪುಸ್ತಕ ನಿಲ್ಲಿಸಿ ಅದರ ಮೇಲೆ ಗುರುತು ಇಟ್ಟು ಅರ್ಧ ಒತ್ತಿ, ಪುಸ್ತಕ ಪಕ್ಕಕ್ಕೆ ಸರಿಸಿ, ಕನ್ನಡಕದ ಕಡೆ ತಿರುಗಿಸಿ ಪೂರ್ತಿ ಒತ್ತಿ. ಬೆಳಗಿನ ಹೊತ್ತು ಕಿಟಕಿ ಪಕ್ಕ, ಫ್ಲ್ಯಾಶ್ ಆಫ್. ಎರಡು ಫೋಟೊ ತೆಗೆಯಿರಿ, ಒಂದರಲ್ಲಿ ಕೈ ಅಲುಗಾಡಿದರೂ ಇನ್ನೊಂದು ಇರುತ್ತದೆ.